ಹಾಲೂ ಬರಲಿಲ್ಲ, ಮುಟ್ಟೂ ಬರಲಿಲ್ಲ: ಶರಾವತಿ ಹಿನ್ನೀರಿನ ಆಚೆಯ ಒಂದು ಪ್ರಕರಣ

2019ರ ಜುಲೈ. 38 ವರ್ಷದ ಒಬ್ಬ ಮಹಿಳೆಯನ್ನು ಸಾಗರ ತಾಲ್ಲೂಕಿನಿಂದ ಶಿವಮೊಗ್ಗಕ್ಕೆ ಕರೆತಂದರು. ಹೆಸರು, ಊರು ಬರೆಯುವುದಿಲ್ಲ. ಹಿನ್ನೀರಿನ ಆಚೆ ದಡದವರು ಅಂದರೆ ಸಾಕು. ಮೂರು ದಿನದಿಂದ ಜ್ವರ, ವಾಂತಿ. ಆ ಬೆಳಿಗ್ಗೆಯಿಂದ ಕರೆದರೆ ಕಣ್ಣು ಬಿಡುತ್ತಿದ್ದರು, ಮತ್ತೆ ಮಂಪರಿಗೆ ಜಾರುತ್ತಿದ್ದರು.

ಆ ವರ್ಷ ಅದೇ ತಾಲ್ಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆ ಜೋರಾಗಿತ್ತು. ಮನೆಯವರಿಗೆ ಅದೇ ಭಯ. ಅದನ್ನು ಪರೀಕ್ಷಿಸಿದೆವು, ಇಲಿಜ್ವರ, ಡೆಂಗ್ಯೂ ಕೂಡ ನೋಡಿದೆವು. ಯಾವುದೂ ಇರಲಿಲ್ಲ. ಜ್ವರ ಸಾಮಾನ್ಯ ಹೊಟ್ಟೆ ಕೆಡುವಿಕೆಯದು, ಬರುವಷ್ಟರಲ್ಲಿ ಇಳಿದೂ ಇತ್ತು. ಆದರೆ ಬಿಪಿ 80/50. ಸಕ್ಕರೆ 52. ಸೋಡಿಯಂ 114, ಇರಬೇಕಾದ್ದು 135ರಿಂದ 145. ಹಿಮೋಗ್ಲೋಬಿನ್ 9. ಪೊಟ್ಯಾಸಿಯಂ ಮಾತ್ರ 4.1, ಸರಿಯಾಗಿತ್ತು. ಈ ಸರಿಯಾಗಿದ್ದ ಅಂಕಿಯೂ ಮುಂದೆ ಮುಖ್ಯವಾಗುತ್ತದೆ.

ಮೂರು ದಿನದ ವಾಂತಿಗೆ ಇಷ್ಟೊಂದು ಕುಸಿಯುವುದು ಸರಿ ಕಾಣಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಕಣ್ಣಿನ ಸುತ್ತ, ಬಾಯಿಯ ಸುತ್ತ ಎಳೆ ಎಳೆಯಾದ ಸಣ್ಣ ಸುಕ್ಕು. ವಯಸ್ಸು 38 ಅಂದರೆ ನಂಬುವುದು ಕಷ್ಟ. ಹುಬ್ಬಿನ ಹೊರತುದಿ ಉದುರಿತ್ತು. ಕಂಕುಳಲ್ಲಿ ಒಂದು ಕೂದಲೂ ಇರಲಿಲ್ಲ. ಹಿಮ್ಮಡಿಗೆ ಸೇರುವ ಸ್ನಾಯುರಜ್ಜುವಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಪಾದ ಚಟ್ಟನೆ ಕೆಳಗೆ ಹೋಯಿತು, ಆದರೆ ಮೇಲೆ ಬರಲು ಹೊತ್ತು ಹಿಡಿಯಿತು. ಥೈರಾಯ್ಡ್ ಹಾರ್ಮೋನ್ ಕಡಿಮೆ ಇದ್ದಾಗ ಸ್ನಾಯು ಹೀಗೆ ನಿಧಾನವಾಗಿ ಸಡಿಲಾಗುತ್ತದೆ. ಸರಿಯಾಗಿ ನೋಡಿದರೆ ಬರಿಗಣ್ಣಿಗೇ ಕಾಣುತ್ತದೆ.

ಅತ್ತೆ ಹೇಳಿದ್ದು

ಗಂಡ ತಂದ ಪ್ಲಾಸ್ಟಿಕ್ ಚೀಲದಲ್ಲಿ 12 ವರ್ಷದ ಚೀಟಿಗಳಿದ್ದವು. ರಕ್ತ ಕಡಿಮೆ, ಕಬ್ಬಿಣದ ಮಾತ್ರೆ. ಲೋ ಬಿಪಿ, ಎರಡು ಬಾಟಲಿ ಗ್ಲೂಕೋಸ್. ಸುಸ್ತು, ಟಾನಿಕ್. ಮನಸ್ಸಿಗೆ ಬೇಜಾರು, ನಿದ್ದೆ ಮಾತ್ರೆ. ನಡುವೆ ಮೂರು ಬೇರೆ ಬೇರೆ ವರ್ಷ, ಥೈರಾಯ್ಡ್ ಸರಿಯಿದೆಯಾ ಎಂದು ನೋಡುವ ಟಿಎಸ್‌ಎಚ್ ಪರೀಕ್ಷೆ ಆಗಿತ್ತು. ಮೂರು ಸಲವೂ ‘ನಾರ್ಮಲ್’.

ನಿಜವಾದ ಸುಳಿವು ಆ ಚೀಲದಲ್ಲಿರಲಿಲ್ಲ. ಅದನ್ನು ಕೊಟ್ಟವರು ಅತ್ತೆ.

“ಎರಡನೇ ಹೆರಿಗೆ ಆದ ಮೇಲೆ ಇವಳು ಮೊದಲಿನ ಹಾಗೆ ಆಗಲೇ ಇಲ್ಲ ನೋಡಿ” ಅಂದರು.

“ಆಗ ಎದೆಹಾಲು ಬಂತಾ?”

“ಎಲ್ಲಿ ಬಂತು? ಎದೆ ಒದ್ದೆ ಕೂಡ ಆಗಲಿಲ್ಲ. ಮಗು ದನದ ಹಾಲಲ್ಲೇ ಬೆಳೆಯಿತು.”

“ಮುಟ್ಟು?”

“ಅವತ್ತೇ ಕಡೆ. ಮತ್ತೆ ಆಗಲಿಲ್ಲ. ಬೇಗ ನಿಂತಿತು, ಒಳ್ಳೇದೇ ಆಯ್ತು ಅಂದುಕೊಂಡೆವು.”

2007ರ ಆಷಾಢದಲ್ಲಿ ಮನೆಯಲ್ಲೇ ಹೆರಿಗೆಯಾಗಿತ್ತು. ರಾತ್ರಿ. ಮಗು ಹುಟ್ಟಿತು, ಮಾಸು ಬಿತ್ತು, ರಕ್ತ ಮಾತ್ರ ನಿಲ್ಲಲಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಆ ಕಡೆಯ ಊರುಗಳಿಗೆ ಸಾಗರದ ದಾರಿ ಅಂದರೆ ಹಿನ್ನೀರು ದಾಟಿಸುವ ದೊಡ್ಡ ದೋಣಿ, ಲಾಂಚು ಆಗಿತ್ತು. ರಾತ್ರಿ ಲಾಂಚು ಇರಲಿಲ್ಲ. 108 ಆಂಬುಲೆನ್ಸ್ ರಾಜ್ಯಕ್ಕೆ ಬಂದದ್ದೇ 2008ರಲ್ಲಿ. ಸುತ್ತುಬಳಸಿ ಕಾಡಿನ ರಸ್ತೆಯಲ್ಲಿ ಹೋಗೋಣವೆಂದರೆ ಮಳೆಗೆ ಮರ ಬಿದ್ದಿತ್ತು. ಬೆಳಗಿನ ಲಾಂಚಿಗೆ ಕಂಬಳಿಯಲ್ಲಿ ಹೊತ್ತು ತಂದರು. ಅಷ್ಟೊತ್ತಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ಬಾಟಲಿ ರಕ್ತ ಕೊಟ್ಟರು. ಬದುಕಿದರು. ಎಲ್ಲರೂ ದೇವರಿಗೆ ಕೈ ಮುಗಿದರು, ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡರು.

ಆದರೆ ಆ ರಾತ್ರಿ ತಲೆಯೊಳಗೆ ಅರ್ಧ ಗ್ರಾಂ ತೂಕದ ಒಂದು ಗ್ರಂಥಿ ಸತ್ತಿತ್ತು.

ಯಾಕೆ ಆ ಗ್ರಂಥಿಯೇ?

ಪಿಟ್ಯುಟರಿ ಗ್ರಂಥಿ ಮೆದುಳಿನ ತಳದಲ್ಲಿ, ಮೂಳೆಯ ಒಂದು ಸಣ್ಣ ಕುಳಿಯಲ್ಲಿ ಕೂತಿರುತ್ತದೆ. ಅದರ ಮುಂಭಾಗದಿಂದ ಹೊರಡುವ ಹಾರ್ಮೋನುಗಳು ದೇಹದ ಬೇರೆ ಗ್ರಂಥಿಗಳಿಗೆ ಆದೇಶ ಕೊಡುತ್ತವೆ. ಟಿಎಸ್‌ಎಚ್ ಥೈರಾಯ್ಡಿಗೆ. ಎಸಿಟಿಎಚ್ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ. ಎಫ್‌ಎಸ್‌ಎಚ್, ಎಲ್‌ಎಚ್ ಅಂಡಾಶಯಕ್ಕೆ. ಪ್ರೊಲ್ಯಾಕ್ಟಿನ್ ನೇರವಾಗಿ ಎದೆಹಾಲಿಗೆ. ಇದಲ್ಲದೆ ಬೆಳವಣಿಗೆಯ ಹಾರ್ಮೋನ್. ಪಿಟ್ಯುಟರಿಯನ್ನು ನಡೆಸುವುದು ಅದರ ಮೇಲಿರುವ, ಹೈಪೋಥಲಾಮಸ್ ಎಂಬ ಮೆದುಳಿನ ಭಾಗ.

ಬಸುರಿಯಲ್ಲಿ ಈ ಗ್ರಂಥಿ ದೊಡ್ಡದಾಗುತ್ತದೆ. ಹಾಲಿಗೆ ತಯಾರಿ ನಡೆಯುತ್ತಿರುತ್ತದಲ್ವಾ, ಪ್ರೊಲ್ಯಾಕ್ಟಿನ್ ಮಾಡುವ ಕೋಶಗಳು ಹೆಚ್ಚುತ್ತವೆ. ಕುಳಿ ಮಾತ್ರ ಅಷ್ಟೇ. ಗ್ರಂಥಿಗೆ ರಕ್ತದ ಅಗತ್ಯ ಜಾಸ್ತಿ, ಆದರೆ ಮುಂಭಾಗಕ್ಕೆ ರಕ್ತ ಬರುವುದು ಮುಖ್ಯವಾಗಿ ಹೈಪೋಥಲಾಮಸ್‌ನಿಂದ ಇಳಿದು ಬರುವ ಸಣ್ಣ ರಕ್ತನಾಳಗಳಿಂದ. ಅವುಗಳಲ್ಲಿ ಒತ್ತಡ ಮೊದಲೇ ಕಡಿಮೆ. ಹೆರಿಗೆಯಲ್ಲಿ ರಕ್ತ ಸುರಿದು ಬಿಪಿ ಬಿದ್ದರೆ ಮೊದಲು ಬತ್ತುವುದು ಅವೇ. ಹಿಂಭಾಗಕ್ಕೆ ಬೇರೆ ಅಪಧಮನಿಯಿಂದ ರಕ್ತ ಬರುತ್ತದೆ, ಹಾಗಾಗಿ ಅದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಇದನ್ನು 1937ರಲ್ಲಿ ವಿವರವಾಗಿ ಬರೆದವರು ಆಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ವೈದ್ಯ ಹೆರಾಲ್ಡ್ ಶೀಹನ್. ಅದಕ್ಕೇ ಇದಕ್ಕೆ ಶೀಹನ್ ಸಿಂಡ್ರೋಮ್ ಅನ್ನುತ್ತಾರೆ. ಹೆರಿಗೆ ವ್ಯವಸ್ಥೆ ಸುಧಾರಿಸಿದ ದೇಶಗಳಲ್ಲಿ ಈಗ ಅಪರೂಪ. ನಮ್ಮಲ್ಲಿ ಇನ್ನೂ ಅಲ್ಲ. ಕಾಶ್ಮೀರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೆತ್ತ ಮಹಿಳೆಯರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇದಿರಬಹುದೆಂದು ಅಂದಾಜು ಮಾಡಿತು. ಬೆಟ್ಟ, ಮಳೆ, ದೂರದ ಆಸ್ಪತ್ರೆ, ಮನೆ ಹೆರಿಗೆ. ಓದುವಾಗ ನನಗೆ ನಮ್ಮ ಕಡೆಯ ಊರುಗಳೇ ಕಣ್ಣಿಗೆ ಬಂದವು.

ಗ್ರಂಥಿಯಲ್ಲಿ ಸ್ವಲ್ಪ ಭಾಗ ಉಳಿದಿದ್ದರೆ ದೇಹ ಹೇಗೋ ವರ್ಷಗಟ್ಟಲೆ ತಳ್ಳಿಕೊಂಡು ಹೋಗುತ್ತದೆ. ಹಾಲು, ಮುಟ್ಟು ಮೊದಲೇ ಹೋಗುತ್ತವೆ. ಥೈರಾಯ್ಡ್ ಮತ್ತು ಅಡ್ರಿನಲ್ ಕಡೆಯ ಆದೇಶ ನಿಧಾನವಾಗಿ ಕ್ಷೀಣಿಸುತ್ತದೆ. ಹಾಗಾಗಿ ಪತ್ತೆಯಾಗಲು 10 ವರ್ಷ ದಾಟುವುದು ಹೊಸದೇನಲ್ಲ. ಅಷ್ಟೂ ವರ್ಷ ಆಕೆಗೆ ಸಿಗುವುದು ‘ಸೋಮಾರಿ’ ಎಂಬ ಹೆಸರು. ಇವರು ಬೇಸಿಗೆಯಲ್ಲೂ ಬಚ್ಚಲ ಒಲೆಯ ಮುಂದೆ ಕೂತಿರುತ್ತಿದ್ದರಂತೆ. ಕೆಲಸ ತಪ್ಪಿಸಲು ಅಲ್ಲಿ ಕೂರುತ್ತಾಳೆ ಅಂತ ಮನೆಯಲ್ಲಿ ಮಾತು. ಮೈಯಲ್ಲಿ ಶಾಖ ಹುಟ್ಟಿಸುವ ಹಾರ್ಮೋನೇ ಇಲ್ಲದವರು ಒಲೆ ಬಿಟ್ಟು ಮತ್ತೆಲ್ಲಿ ಕೂರಬೇಕು? ಈ ಕಾಯಿಲೆಯಲ್ಲಿ ನನಗೆ ಅತ್ಯಂತ ನೋವು ಕೊಡುವುದು ಇದೇ.

ಮೂರು ಸಲ ‘ನಾರ್ಮಲ್’ ಬಂದದ್ದು ಹೇಗೆ?

ಥೈರಾಯ್ಡ್ ತಾನೇ ಕೆಟ್ಟಾಗ, ಅದು ಮಾಡುವ ಟಿ4 ಹಾರ್ಮೋನ್ ರಕ್ತದಲ್ಲಿ ಇಳಿಯುತ್ತದೆ. ಪಿಟ್ಯುಟರಿ ಅದನ್ನು ಗಮನಿಸಿ ಟಿಎಸ್‌ಎಚ್ ಏರಿಸುತ್ತದೆ. ಬಹುಪಾಲು ರೋಗಿಗಳಲ್ಲಿ ಆಗುವುದು ಇದೇ, ಹಾಗಾಗಿ ಟಿಎಸ್‌ಎಚ್ ಒಂದನ್ನೇ ನೋಡಿದರೂ ನಡೆಯುತ್ತದೆ. ಖರ್ಚೂ ಕಡಿಮೆ.

ತೋಟದಲ್ಲಿ ಕೆಲಸ ನಿಧಾನವಾದರೆ ಮೇಸ್ತ್ರಿ ಕೂಗುತ್ತಾನೆ. ಮೇಸ್ತ್ರಿಯ ಕೂಗು ಕೇಳದಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಅಂದುಕೊಳ್ಳುತ್ತೇವೆ. ಮೇಸ್ತ್ರಿಯೇ ಹಾಸಿಗೆ ಹಿಡಿದಿದ್ದರೆ? ಆಸ್ಪತ್ರೆಗೆ ಬರುವ ಆರು ವಾರ ಮೊದಲಿನ ವರದಿಯಲ್ಲಿ ಇವರ ಟಿಎಸ್‌ಎಚ್ 3.2. ವರದಿಯ ಕಾಲಂ ಪ್ರಕಾರ ನಾರ್ಮಲ್. ಆದರೆ ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) 0.4, ಕನಿಷ್ಠ 0.8 ಇರಬೇಕು. ಟಿ4 ಇಷ್ಟು ಬಿದ್ದಿರುವಾಗ ಆರೋಗ್ಯವಂತ ಪಿಟ್ಯುಟರಿ ಟಿಎಸ್‌ಎಚ್ಚನ್ನು ಹತ್ತಾರು ಪಟ್ಟು ಏರಿಸಿರಬೇಕಿತ್ತು. ಅಂಥ ಹೊತ್ತಿನಲ್ಲಿ 3.2 ನಾರ್ಮಲ್ ಅಲ್ಲವೇ ಅಲ್ಲ. ಪಿಟ್ಯುಟರಿ ಸೋತಾಗ ಟಿಎಸ್‌ಎಚ್ ಕಡಿಮೆ ಇರಬಹುದು, ನಾರ್ಮಲ್ ಇರಬಹುದು, ಕೆಲವೊಮ್ಮೆ ತುಸು ಹೆಚ್ಚೂ ಇರಬಹುದು. ಹೆಚ್ಚಿದ್ದರೂ ಅದರಲ್ಲಿ ಕಸುವಿರುವುದಿಲ್ಲ.

ಮುಟ್ಟಿನ ಕತೆಯಲ್ಲೂ ಇದೇ ಲೆಕ್ಕ. ಅಂಡಾಶಯ ಸೋತು ಮುಟ್ಟು ನಿಂತಿದ್ದರೆ ಎಫ್‌ಎಸ್‌ಎಚ್ ಏರಿರಬೇಕು. ಇವರದು ಬರೀ 3. ಪ್ರೊಲ್ಯಾಕ್ಟಿನ್ 2, ಅದೂ ಕಡಿಮೆಯೇ. ಒಂದೊಂದೇ ಚೀಟಿ ನೋಡಿದರೆ ಏನೂ ಹೊಳೆಯುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ಆದೇಶ ಬರುವ ಜಾಗವೇ ಹಾಳಾಗಿದೆ ಎಂಬುದು ಕಾಣುತ್ತದೆ.

ಆ ಆರು ವಾರ ಮೊದಲಿನ ಪರೀಕ್ಷೆಯಲ್ಲಿ ಒಬ್ಬ ವೈದ್ಯರು ಟಿ4 ಕೂಡ ಮಾಡಿಸಿ, ಕಡಿಮೆ ಇದೆ ಎಂದು ಗುರುತಿಸಿದ್ದರು. 12 ವರ್ಷದಲ್ಲಿ ಟಿ4 ನೋಡಿದವರು ಅವರೊಬ್ಬರೇ, ಅದಕ್ಕೆ ಅವರನ್ನು ಮೆಚ್ಚಬೇಕು. ದಿನಕ್ಕೆ 100 ಮೈಕ್ರೋಗ್ರಾಂ ಥೈರಾಕ್ಸಿನ್, ಅಂದರೆ ಟಿ4 ಮಾತ್ರೆ, ಬರೆದಿದ್ದರು. ಮಾತ್ರೆ ಶುರುವಾದ ಮೇಲೆ ಆಕೆಗೆ ಸುಸ್ತು ಇನ್ನೂ ಜಾಸ್ತಿಯಾಯಿತು. ಊಟ ಸೇರುತ್ತಿರಲಿಲ್ಲ, ಎದ್ದು ನಿಂತರೆ ಕಣ್ಣು ಕತ್ತಲೆ.

ಕಾರಣ ಕಾರ್ಟಿಸಾಲ್. ಅಡ್ರಿನಲ್ ಗ್ರಂಥಿ ಎಸಿಟಿಎಚ್‌ನ ಆದೇಶದಂತೆ ಮಾಡುವ ಹಾರ್ಮೋನ್ ಇದು. ರಕ್ತನಾಳ ಬಿಗಿಯಾಗಿ ನಿಲ್ಲಲು ಬೇಕು, ಹಸಿದಾಗ ಲಿವರ್ ಸಕ್ಕರೆ ಬಿಡಲು ಬೇಕು, ಹೆಚ್ಚಾದ ನೀರನ್ನು ಮೂತ್ರವಾಗಿ ಹೊರಹಾಕಲು ಬೇಕು. ಥೈರಾಕ್ಸಿನ್ ದೇಹದ ಕೆಲಸಗಳ ವೇಗ ಹೆಚ್ಚಿಸುತ್ತದೆ, ಕಾರ್ಟಿಸಾಲ್ ಬೇಗ ಖರ್ಚಾಗುವಂತೆಯೂ ಮಾಡುತ್ತದೆ. ಆಕೆಯಲ್ಲಿ ಉಳಿದದ್ದೇ ಚೂರುಪಾರು, ಅದೂ ಕರಗತೊಡಗಿತು. ಆಮೇಲೆ ಬಂತು ಜ್ವರ. ಆರೋಗ್ಯವಂತರಲ್ಲಿ ಜ್ವರ ಬಂದರೆ ಕಾರ್ಟಿಸಾಲ್ ಹಲವು ಪಟ್ಟು ಏರಿ ಬಿಪಿಯನ್ನು ಕಾಯುತ್ತದೆ. ಇವರಲ್ಲಿ ಏರಲು ಏನೂ ಇರಲಿಲ್ಲ. ಅದಕ್ಕೇ ಇಂಥವರಲ್ಲಿ ಮೊದಲು ಕಾರ್ಟಿಸಾಲ್, ಆಮೇಲೆ ಥೈರಾಕ್ಸಿನ್. ಈ ಕ್ರಮ ತಪ್ಪಿದರೆ ಜೀವಕ್ಕೇ ಅಪಾಯ.

ಪೊಟ್ಯಾಸಿಯಂ ಸರಿ ಇದ್ದದ್ದು ಯಾಕೆ? ಅಡ್ರಿನಲ್ ಗ್ರಂಥಿಯೇ ಹಾಳಾದರೆ, ಅದೇ ಗ್ರಂಥಿ ಮಾಡುವ, ಪೊಟ್ಯಾಸಿಯಂ ಹೊರಹಾಕಿಸುವ ಆಲ್ಡೋಸ್ಟಿರಾನ್ ಹಾರ್ಮೋನ್ ಕೂಡ ಹೋಗಿ ಪೊಟ್ಯಾಸಿಯಂ ಏರುತ್ತದೆ. ಆಲ್ಡೋಸ್ಟಿರಾನ್ ಪಿಟ್ಯುಟರಿಯನ್ನು ಅಷ್ಟಾಗಿ ಅವಲಂಬಿಸಿಲ್ಲ, ಅದಕ್ಕೆ ಆದೇಶ ಕೊಡುವುದು ಮೂತ್ರಪಿಂಡದಿಂದ ಶುರುವಾಗುವ ರೆನಿನ್ ವ್ಯವಸ್ಥೆ. ಮೈಬಣ್ಣವೂ ಇದನ್ನೇ ಹೇಳುತ್ತಿತ್ತು. ಅಡ್ರಿನಲ್ ಕೆಟ್ಟವರಲ್ಲಿ ಎಸಿಟಿಎಚ್ ಉಕ್ಕಿ ಚರ್ಮ ಕಪ್ಪಾಗುತ್ತದೆ. ಎಸಿಟಿಎಚ್ಚೇ ಇಲ್ಲದವರು ಬಿಳಿಚಿಕೊಳ್ಳುತ್ತಾರೆ.

ಆ ರಾತ್ರಿ

ಕಾರ್ಟಿಸಾಲ್ ಪರೀಕ್ಷೆಗೆ ರಕ್ತ ತೆಗೆದು, ವರದಿಗೆ ಕಾಯದೆ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್, ಅಂದರೆ ಔಷಧಿ ರೂಪದ ಕಾರ್ಟಿಸಾಲ್, ಇಂಜೆಕ್ಷನ್ ಕೊಟ್ಟೆವು. ಇಂಥ ಅನುಮಾನ ಬಂದ ಮೇಲೆ ಕಾಯುವುದು ತಪ್ಪು. ಒಂದು ಡೋಸ್ ಸುಮ್ನೆ ಕೊಟ್ಟಂತಾದರೂ ನಷ್ಟವಿಲ್ಲ, ಕೊಡದಿದ್ದರೆ ಪ್ರಾಣ ಹೋಗಬಹುದು. ಜೊತೆಗೆ ಸಲೈನ್, ಸಕ್ಕರೆಗೆ ಗ್ಲೂಕೋಸ್. ಥೈರಾಕ್ಸಿನ್ ನಿಲ್ಲಿಸಿದೆವು. ಮರುದಿನ ವರದಿ ಬಂತು. ಇಷ್ಟು ಕಾಯಿಲೆ ಬಿದ್ದವರಲ್ಲಿ 18 ಮೀರಬೇಕಾದ ಕಾರ್ಟಿಸಾಲ್ ಇವರಲ್ಲಿ 2ಕ್ಕಿಂತ ಕಡಿಮೆ.

ಮೂರು ಗಂಟೆಯೊಳಗೆ ಬಿಪಿ 100 ದಾಟಿತು. ಕಣ್ಣು ಬಿಟ್ಟು ನೀರು ಕೇಳಿದರು. ಅಪಾಯ ಮುಗಿಯಿತು ಅನ್ನಿಸುವ ಹೊತ್ತು ಅದು. ಆದರೆ ನಾವು ಹೆಚ್ಚು ಎಚ್ಚರವಾಗಿರಬೇಕಾದದ್ದು ಆಗಲೇ. ಕಾರ್ಟಿಸಾಲ್ ಇಲ್ಲದಾಗ ನೀರು ಹಿಡಿದಿಡುವ ಎಡಿಎಚ್ ಹಾರ್ಮೋನ್ ಅತಿಯಾಗಿ ಕೆಲಸ ಮಾಡುತ್ತಿರುತ್ತದೆ. ನೀರು ಹೊರಹೋಗದೆ ಸೋಡಿಯಂ ತೆಳುವಾಗುತ್ತದೆ. ಸುಸ್ತು ಅಂದಾಗಲೆಲ್ಲ ಹಾಕಿಸಿಕೊಂಡ ಬರೀ ಗ್ಲೂಕೋಸ್ ನೀರು ಇದಕ್ಕೆ ಇನ್ನಷ್ಟು ಸೇರಿರಬೇಕು. ಈಗ ಕಾರ್ಟಿಸಾಲ್ ಸಿಕ್ಕಿದ ಕೂಡಲೇ ಆ ಹಿಡಿತ ಒಮ್ಮೆಲೆ ಬಿಟ್ಟುಹೋಯಿತು. ಮಧ್ಯರಾತ್ರಿಯಿಂದ ಗಂಟೆಗೆ 300 ಮಿ.ಲೀ. ಮೀರಿ ಮೂತ್ರ ಬರತೊಡಗಿತು. 12 ಗಂಟೆಗೆ ಸೋಡಿಯಂ 120.

ಕೇಳಲು ಒಳ್ಳೆಯ ಸುದ್ದಿ, ಅಲ್ವಾ? ಅಲ್ಲ. ಬಹುದಿನದಿಂದ ಕಡಿಮೆ ಇದ್ದ ಸೋಡಿಯಂ ಬೇಗ ಏರಿದರೆ ಮೆದುಳಿನ ನರಗಳ ಹೊದಿಕೆಯೇ ಕಳಚಬಹುದು. ಮಾತು, ಕೈಕಾಲು ಶಾಶ್ವತವಾಗಿ ಹೋಗಬಹುದು. ಇಂಥವರಲ್ಲಿ 24 ಗಂಟೆಗೆ 8ಕ್ಕಿಂತ ಹೆಚ್ಚು ಏರಬಾರದು ಎಂದು ನಾವು ಗೆರೆ ಹಾಕಿಕೊಳ್ಳುತ್ತೇವೆ. ಸಲೈನ್ ನಿಲ್ಲಿಸಿ, ಗ್ಲೂಕೋಸ್ ನೀರನ್ನೇ ಲೆಕ್ಕ ಹಾಕಿ ಕೊಟ್ಟೆವು. ನಾಲ್ಕು ಗಂಟೆಗೊಮ್ಮೆ ರಕ್ತ ಪರೀಕ್ಷೆ. 24 ಗಂಟೆಗೆ 122. ಮೂರನೇ ದಿನ 131. ಐದನೇ ದಿನ 137. ಆ ರಾತ್ರಿ ಪಾಳಿಯ ನರ್ಸ್ ಗಂಟೆಗಂಟೆಗೂ ಮೂತ್ರ ಅಳೆದು ಬರೆದಿಡದೆ ಇದ್ದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ವಾರದ ಕೊನೆಗೆ ಎಂಆರ್‌ಐ ಆಯಿತು. ಪಿಟ್ಯುಟರಿ ಇರಬೇಕಾದ ಕುಳಿಯಲ್ಲಿ ಬಹುಪಾಲು ಬರೀ ನೀರು. ತಳದಲ್ಲಿ ತೆಳು ಪದರದಷ್ಟು ಗ್ರಂಥಿ.

ಮಾತ್ರೆಗಳು, ಮತ್ತು ಮಾತ್ರೆಯ ಭಯ

ಔಷಧಿ ಪಟ್ಟಿ ದೊಡ್ಡದಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೈಡ್ರೋಕಾರ್ಟಿಸೋನ್ 10 ಮಿ.ಗ್ರಾಂ, ಮಧ್ಯಾಹ್ನ ಮೇಲೆ 5. ರಾತ್ರಿ ಇಲ್ಲ. ದೇಹದ ಕಾರ್ಟಿಸಾಲ್ ಬೆಳಗಿನ ಜಾವ ಏರಿ ಮಧ್ಯರಾತ್ರಿ ತಳ ಮುಟ್ಟುತ್ತದೆ, ಮಾತ್ರೆ ಅದನ್ನೇ ಅನುಸರಿಸಬೇಕು. ಒಂದು ವಾರದ ನಂತರ ಥೈರಾಕ್ಸಿನ್ 25 ಮೈಕ್ರೋಗ್ರಾಂನಿಂದ ಶುರು ಮಾಡಿ ತಿಂಗಳುಗಳಲ್ಲಿ 75ಕ್ಕೆ ತಂದೆವು. ಇಲ್ಲಿ ಟಿಎಸ್‌ಎಚ್ ನೋಡಿ ಡೋಸ್ ಬದಲಿಸುವಂತಿಲ್ಲ, ಫ್ರೀ ಟಿ4 ಮಾತ್ರ ನೋಡಬೇಕು. ಇದನ್ನು ಅವರ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ. ಬೆಳವಣಿಗೆಯ ಹಾರ್ಮೋನ್ ದಿನಾ ಚುಚ್ಚಬೇಕು, ತುಂಬಾ ದುಬಾರಿ. ಅದನ್ನು ಬಿಟ್ಟೆವು.

ಗಂಡ ಅಂತರ್ಜಾಲದಲ್ಲಿ ನೋಡಿಕೊಂಡು ಬಂದು ಕೇಳಿದರು: “ಇದು ಸ್ಟಿರಾಯ್ಡ್ ಅಂತೆ. ಮೈ ಊದುತ್ತೆ, ಮೂಳೆ ಹೋಗುತ್ತೆ ಅಂತಾರೆ.” ಈ ಭಯ ಸುಳ್ಳಲ್ಲ. ದೇಹದಲ್ಲಿ ಇರುವುದರ ಮೇಲೆ ಮತ್ತಷ್ಟು ಕೊಟ್ಟಾಗ ಹಾಗಾಗುತ್ತದೆ. ಆದರೆ ಆರೋಗ್ಯವಂತ ದೇಹ ತಾನೇ ದಿನಕ್ಕೆ 10–15 ಮಿ.ಗ್ರಾಂ ಕಾರ್ಟಿಸಾಲ್ ಮಾಡಿಕೊಳ್ಳುತ್ತದೆ. ಇವರಿಗೆ ಕೊಡುತ್ತಿರುವುದು ಹೆಚ್ಚುಕಡಿಮೆ ಅಷ್ಟನ್ನೇ. ನಿಲ್ಲಿಸಿದರೆ ಜುಲೈನಲ್ಲಿ ಆದದ್ದೇ ಮತ್ತೆ ಆಗುತ್ತದೆ. ಇದನ್ನು ಗಂಡನಿಗೆ, ಅತ್ತೆಗೆ, ಊರಿನ ಆಶಾ ಕಾರ್ಯಕರ್ತೆಗೆ ಬೇರೆ ಬೇರೆಯಾಗಿ ಕೂರಿಸಿ ಹೇಳಿದೆ. ಮನೆಯಲ್ಲಿ ಒಬ್ಬರು ನಂಬದಿದ್ದರೂ ಮಾತ್ರೆ ನಿಂತುಹೋಗುತ್ತದೆ ಎಂಬುದು ಈ ಕೆಲಸದಲ್ಲಿ ನಾನು ಕಂಡ ಸತ್ಯ.

ಹೆಚ್ಚು ಮಾತಾಡಬೇಕಾದದ್ದು ಈಸ್ಟ್ರೋಜನ್ ಬಗ್ಗೆ. 26ನೇ ವಯಸ್ಸಿನಿಂದ ಅದಿಲ್ಲದೆ ಬೆನ್ನುಮೂಳೆ ಸವೆದಿತ್ತು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿರಾನ್ ಕೊಡುವ ಮಾತೆತ್ತಿದಾಗ ಆಕೆ ಕೇಳಿದ್ದು ಒಂದೇ: “ಮತ್ತೆ ಮುಟ್ಟಾಗುತ್ತಾ?” ಮುಟ್ಟಾದವರು ಹೊರಗೆ ಕೂರುವ ಮನೆ ಅದು. 12 ವರ್ಷ ಅದರಿಂದ ತಪ್ಪಿಸಿಕೊಂಡಿದ್ದರು. ಎರಡನ್ನೂ ಬಿಡುವಿಲ್ಲದೆ ಪ್ರತಿದಿನ ತೆಗೆದುಕೊಂಡರೆ ಬಹುತೇಕ ಮುಟ್ಟಾಗದು, ಮೊದಲ ಕೆಲವು ತಿಂಗಳು ಅಲ್ಪಸ್ವಲ್ಪ ಕಾಣಬಹುದು ಎಂದು ಹೇಳಿದ ಮೇಲೆ ಒಪ್ಪಿದರು. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಅಂದರೆ ಸುಮಾರು 50ರವರೆಗೆ ಇದು ಬೇಕು.

ಆ ವರ್ಷದ ಕೊನೆಯ ಹೊತ್ತಿಗೆ ಹಿಮೋಗ್ಲೋಬಿನ್ ತಾನಾಗಿಯೇ 11.5ಕ್ಕೆ ಬಂತು. ಕಬ್ಬಿಣದ ಮಾತ್ರೆ ಬೇಕಾಗಲಿಲ್ಲ. ಹಾರ್ಮೋನ್ ಇಲ್ಲದೆ ಮೂಳೆಮಜ್ಜೆ ಮಂಕಾಗಿತ್ತು ಅಷ್ಟೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಉಳಿದವರ ಜೊತೆ ರಾತ್ರಿ ಸುಲಿಯಲು ಕೂತರಂತೆ.

ಜ್ವರ ಬಂದರೆ ಏನು ಮಾಡಬೇಕು ಎಂಬುದನ್ನು ಮನೆಯವರೆಲ್ಲರಿಗೂ ಬಾಯಿಪಾಠ ಮಾಡಿಸಿದ್ದೇವೆ. ಜ್ವರ ಇದ್ದಷ್ಟು ದಿನ ಹೈಡ್ರೋಕಾರ್ಟಿಸೋನ್ ಎರಡು ಪಟ್ಟು, ಜೋರಾಗಿದ್ದರೆ ಮೂರು ಪಟ್ಟು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ 100 ಮಿ.ಗ್ರಾಂ ಇಂಜೆಕ್ಷನ್ ತೊಡೆಯ ಸ್ನಾಯುವಿಗೆ, ಆಮೇಲೆ ಆಸ್ಪತ್ರೆ. ಪೇಟೆಯವರಿಗಾದರೆ ‘ಆಸ್ಪತ್ರೆಗೆ ಬನ್ನಿ’ ಅಂದರೆ ಸಾಕು. ಮಳೆಗಾಲದಲ್ಲಿ ಹಿನ್ನೀರಿನ ಆಚೆ ಇರುವವರಿಗೆ ಆ ಮಾತು ಸಾಲದು. ಹಾಗಾಗಿ ಎರಡು ಇಂಜೆಕ್ಷನ್ ಬಾಟಲಿ, ಸಿರಿಂಜು ಅವರ ಮನೆಯಲ್ಲೇ ಇರುತ್ತವೆ. ಕೊಡುವುದನ್ನು ಗಂಡ ಕಲಿತಿದ್ದಾರೆ. 2022ರ ಮಳೆಗಾಲದಲ್ಲಿ ಒಂದು ರಾತ್ರಿ ಅದು ಬೇಕಾಗಿಯೂ ಬಂತು. ಇಂಜೆಕ್ಷನ್ ಕೊಟ್ಟು, ಬೆಳಗಿನ ಲಾಂಚಿನಲ್ಲಿ ಕರೆತಂದರು. ಈ ಸಲ ಆಕೆ ಕೂತುಕೊಂಡೇ ಬಂದರು, ಬಿಪಿ 110. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಈಗ ರಾತ್ರಿಯೂ ಬರಬಹುದು. ಆದರೂ ಬಾಟಲಿಗಳನ್ನು ಮನೆಯಿಂದ ತೆಗೆಯಬೇಡಿ ಎಂದೇ ಹೇಳಿದ್ದೇನೆ. ಸೇತುವೆ ದಾಟಿದ ಮೇಲೂ ಆಸ್ಪತ್ರೆ ದೂರವೇ.

ಕಳೆದ ಸಲ ಬಂದಾಗ ಮಗಳ ಮಾತು ಬಂತು. ದೊಡ್ಡವಳು, ಮದುವೆ ಗೊತ್ತಾಗಿದೆ. “ಇದು ಅವಳಿಗೂ ಬರುತ್ತಾ?” ಎಂದು ಕೇಳಿದರು. ಇದು ರಕ್ತಸಂಬಂಧದಿಂದ ಬರುವುದಲ್ಲ, ರಕ್ತ ಹೋಗಿ ಬರುವುದು ಎಂದು ವಿವರಿಸಿದೆ. ಬಸುರಿಯಲ್ಲೇ ಹಿಮೋಗ್ಲೋಬಿನ್ ನೋಡಿಸಿ ಸರಿಮಾಡಿಕೊಳ್ಳಬೇಕು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಮಗು ಹುಟ್ಟಿದ ಕೂಡಲೇ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ, ಗರ್ಭಕೋಶ ಬಿಗಿದುಕೊಂಡು ರಕ್ತ ನಿಲ್ಲುತ್ತದೆ. ಆಕ್ಸಿಟೋಸಿನ್ ಸಹಜವಾಗಿ ರಕ್ತಕ್ಕೆ ಸೇರುವುದು ಇದೇ ಪಿಟ್ಯುಟರಿಯ ಹಿಂಭಾಗದಿಂದ. ಮುಂಭಾಗವನ್ನು ಉಳಿಸಲು ಹಿಂಭಾಗದ ಹಾರ್ಮೋನನ್ನೇ ಹೊರಗಿನಿಂದ ಕೊಡುವುದು. ಆಕೆ ಚೀಟಿಯ ಹಿಂದೆ ಆ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡರು, ಕಾಗುಣಿತ ಸರಿಯಿದೆಯಾ ಎಂದು ಇನ್ನೊಮ್ಮೆ ಓದಿಸಿ ಕೇಳಿದರು.